ಸಾಬೀತಿನ ಹೊರೆ ಯಾರ ಹೆಗಲಿಗೆ?

2022ರ ನವೆಂಬರಿನಲ್ಲಿ ಕೆನಡಾದ ಪ್ರಯಾಣಿಕರೊಬ್ಬರು ಅಜ್ಜಿ ತೀರಿಕೊಂಡ ಸುದ್ದಿ ತಿಳಿದು ಟಿಕೆಟ್‌ಗಾಗಿ ಏರ್ ಕೆನಡಾದ ಜಾಲತಾಣಕ್ಕೆ ಹೋದರು. ಹತ್ತಿರದವರ ಸಾವಿಗೆ ಹೊರಟವರಿಗೆ ಆ ಕಂಪನಿಯಲ್ಲಿ ರಿಯಾಯಿತಿ ದರವಿತ್ತು. ಅಲ್ಲಿದ್ದ ಚಾಟ್‌ಬಾಟ್, ಟಿಕೆಟ್ ಕೊಂಡ 90 ದಿನದೊಳಗೆ ಅರ್ಜಿ ಹಾಕಿದರೆ ವ್ಯತ್ಯಾಸದ ಹಣ ವಾಪಸ್ ಸಿಗುತ್ತದೆ ಎಂದು ಹೇಳಿತು. ಸಿಗಲಿಲ್ಲ. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ ಎಂಬುದೇ ಕಂಪನಿಯ ನಿಯಮವಾಗಿತ್ತು. ಪ್ರಕರಣ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಿವಿಲ್ ನ್ಯಾಯಮಂಡಳಿಯ ಮುಂದೆ ಬಂದಾಗ ಕಂಪನಿಯ ವಾದದ ಸಾರ ಹೀಗಿತ್ತು: ಚಾಟ್‌ಬಾಟ್ ಕೊಟ್ಟ ಮಾಹಿತಿಗೆ ನಾವು ಹೊಣೆಯಲ್ಲ. ಹಾಗಾದರೆ ಚಾಟ್‌ಬಾಟ್ ತನ್ನ ಕೃತ್ಯಕ್ಕೆ ತಾನೇ ಹೊಣೆಯಾದ ಪ್ರತ್ಯೇಕ ಕಾನೂನು ವ್ಯಕ್ತಿಯೇ ಎಂದು ನ್ಯಾಯಮಂಡಳಿ ಅಚ್ಚರಿಪಟ್ಟಿತು. 2024ರ ಫೆಬ್ರುವರಿಯಲ್ಲಿ ವಾದವನ್ನು ತಳ್ಳಿಹಾಕಿ, ಬಡ್ಡಿ ಮತ್ತು ಶುಲ್ಕ ಸೇರಿಸಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು.

ಮೊತ್ತ ಸಣ್ಣದು. ಆದರೂ ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆಯುವ ವಕೀಲರೆಲ್ಲ ಈ ತೀರ್ಪನ್ನು ಎತ್ತಿಕೊಳ್ಳುತ್ತಾರೆ. ಕಂಪನಿ ಸೋತಿತು ಎಂಬುದನ್ನೇ ಅವರು ಒತ್ತಿ ಹೇಳುವುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಆ ಪ್ರಯಾಣಿಕರ ಬಳಿ ಸಂಭಾಷಣೆಯ ಸ್ಕ್ರೀನ್‌ಶಾಟ್ ಇತ್ತು. ಅದಿಲ್ಲದಿದ್ದರೆ ಏನಾಗುತ್ತಿತ್ತು? ಸಾಲದ ಅರ್ಜಿಯನ್ನು ತಿರಸ್ಕರಿಸಿದ ಅಲ್ಗಾರಿದಂ ಅಥವಾ ನಿಮಗೊಂದು ದರ, ಪಕ್ಕದವರಿಗೊಂದು ದರ ತೋರಿಸಿದ ಆ್ಯಪ್ ಸ್ಕ್ರೀನ್‌ಶಾಟಿಗೆ ಸಿಗುವಂಥ ಗುರುತನ್ನು ಉಳಿಸುವುದಿಲ್ಲ. ಡಿಜಿಟಲ್ ಸೇವೆಗಳಿಗೆ ಬಿಗಿಯಾದ ಕಾನೂನು ಬೇಕೆಂದು ಹತ್ತು ವರ್ಷಗಳಿಂದ ಹೋರಾಡುತ್ತಿರುವ ಗ್ರಾಹಕ ಸಂಘಟನೆಗಳ ವಾದವೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬಂದು ನಿಲ್ಲುತ್ತದೆ. ಹಾನಿಯಾದಾಗ ಅದನ್ನು ಸಾಬೀತು ಮಾಡಬೇಕಾದವರು ಯಾರು?

ಈ ಹೋರಾಟದ ಮುಖ್ಯ ಅಖಾಡ ಯುರೋಪ್. ಆರು ದೇಶಗಳ ಗ್ರಾಹಕ ಸಂಘಗಳು ಸೇರಿ ಬ್ರಸೆಲ್ಸ್‌ನಲ್ಲಿ ಬಿಇಯುಸಿ ಎಂಬ ಒಕ್ಕೂಟ ಕಟ್ಟಿದ್ದು 1962ರ ಮಾರ್ಚಿನಲ್ಲಿ. ಅದೇ ತಿಂಗಳ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕರ ನಾಲ್ಕು ಹಕ್ಕುಗಳ ಮಾತಾಡಿದರು. ಮಾರ್ಚ್ 15 ವಿಶ್ವ ಗ್ರಾಹಕ ಹಕ್ಕುಗಳ ದಿನವಾದದ್ದು ಹಾಗೆ. ಆ ಕಾಲದ ಜಗಳ ಕಾರು, ಔಷಧ, ಆಹಾರದ ಮೇಲಿನದು. 1965ರಲ್ಲಿ ರಾಲ್ಫ್ ನೇಡರ್ ಕಾರುಗಳ ಸುರಕ್ಷತೆಯ ಬಗ್ಗೆ ಪುಸ್ತಕ ಬರೆದರು, ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತಾ ಕಾನೂನು ಬಂತು. ಅಪಘಾತವಾದರೆ ಚಾಲಕನನ್ನಷ್ಟೇ ಬೈಯುತ್ತಿದ್ದ ಜನ ಕಾರು ಮಾಡಿದವನನ್ನೂ ಕೇಳಲು ಕಲಿತರು. ಡಿಜಿಟಲ್ ಲೋಕದಲ್ಲಿ ನಾವಿನ್ನೂ ಚಾಲಕನನ್ನು ಬೈಯುವ ಹಂತದಲ್ಲೇ ಇದ್ದೇವೆ. ‘ಓದದೇ ಓಕೆ ಒತ್ತಿದ್ದು ಯಾಕೆ?’ ಎಂಬ ಪ್ರಶ್ನೆ ಈಗಲೂ ಮೋಸ ಹೋದವರಿಗೇ.

ಆ ಪ್ರಶ್ನೆಗೆ ನಾರ್ವೆಯ ಗ್ರಾಹಕ ಮಂಡಳಿ ಕೊಟ್ಟ ಉತ್ತರ ಸೊಗಸಾಗಿತ್ತು. 2016ರ ಮೇ ತಿಂಗಳಲ್ಲಿ ಆ ಮಂಡಳಿಯವರು ಸಾಮಾನ್ಯ ನಾರ್ವೆ ಪ್ರಜೆಯ ಫೋನಿನಲ್ಲಿರುವಷ್ಟು, ಅಂದರೆ 33 ಆ್ಯಪ್‌ಗಳ ಷರತ್ತುಗಳನ್ನು ತಂದಿಟ್ಟುಕೊಂಡು ನೇರ ಪ್ರಸಾರದಲ್ಲಿ ಗಟ್ಟಿಯಾಗಿ ಓದಲು ಕೂತರು. ಮುಗಿಸಲು 30 ಗಂಟೆಗೂ ಹೆಚ್ಚು ಹಿಡಿಯಿತು. ಎಲ್ಲ ಸೇರಿ ಬೈಬಲ್ಲಿನ ಹೊಸ ಒಡಂಬಡಿಕೆಗಿಂತ ಉದ್ದವಿತ್ತಂತೆ. ಓದಿದ್ದರೆ ಮೋಸ ಹೋಗುತ್ತಿರಲಿಲ್ಲ ಎನ್ನುವವರಿಗೆ ಇನ್ನು ಬೇರೆ ಉತ್ತರ ಬೇಕಿರಲಿಲ್ಲ.

ನಾರ್ವೆಯ ಈ ಮಂಡಳಿ ಸರ್ಕಾರದ ದುಡ್ಡಿನಲ್ಲಿ ನಡೆದರೂ ಸ್ವತಂತ್ರವಾಗಿ ಕೆಲಸ ಮಾಡುವ ಸಂಸ್ಥೆ. ಇದರ ವಿಧಾನ ಗಮನಿಸಬೇಕಾದದ್ದು. ಇವರು ಭಾಷಣ ಮಾಡುವುದಿಲ್ಲ, ವಸ್ತುವನ್ನು ಅಂಗಡಿಯಿಂದ ಕೊಂಡು ತಂದು ಬಿಚ್ಚಿ ನೋಡುತ್ತಾರೆ. 2016ರ ಡಿಸೆಂಬರಿನಲ್ಲಿ ‘ಮೈ ಫ್ರೆಂಡ್ ಕೇಯ್ಲಾ’ ಎಂಬ ಮಾತಾಡುವ ಗೊಂಬೆಯನ್ನು ಹೀಗೆ ಪರೀಕ್ಷಿಸಿದರು. ಹತ್ತಿರ ನಿಂತ ಯಾರು ಬೇಕಾದರೂ ಬ್ಲೂಟೂತ್ ಮೂಲಕ ಗೊಂಬೆಯೊಳಗೆ ಹೊಕ್ಕು ಮಗುವಿನ ಜೊತೆ ಮಾತಾಡಬಹುದಿತ್ತು. ಮಗು ಆಡಿದ ಮಾತು ಅಮೆರಿಕದ ಧ್ವನಿ ತಂತ್ರಜ್ಞಾನ ಕಂಪನಿಯೊಂದಕ್ಕೆ ಹೋಗುತ್ತಿತ್ತು. ಎರಡೇ ತಿಂಗಳಲ್ಲಿ ಜರ್ಮನಿಯ ದೂರಸಂಪರ್ಕ ನಿಯಂತ್ರಕರು ಇದನ್ನು ಗುಪ್ತ ಕಣ್ಗಾವಲು ಸಾಧನವೆಂದು ಘೋಷಿಸಿ ನಿಷೇಧಿಸಿದರು. ಮನೆಯಲ್ಲಿದ್ದರೆ ನಾಶ ಮಾಡಿ ಎಂದು ತಂದೆ ತಾಯಂದಿರಿಗೆ ಹೇಳಿದರು. ಇಂದು ಚಾಟ್‌ಬಾಟ್ ಅಡಗಿಸಿಟ್ಟ ಆಟಿಕೆಗಳು ಮಾರುಕಟ್ಟೆಗೆ ಬರುತ್ತಿರುವಾಗ ಈ ಹಳೆಯ ಕತೆಗೆ ಹೊಸ ಅರ್ಥ ಬಂದಿದೆ.

2018ರ ವರದಿಯಲ್ಲಿ ಅವರು ಫೇಸ್‌ಬುಕ್, ಗೂಗಲ್, ವಿಂಡೋಸ್ 10ರ ಸೆಟ್ಟಿಂಗ್ಸ್ ಪುಟಗಳನ್ನು ಹಂತಹಂತವಾಗಿ ತೋರಿಸಿದರು. ಒಪ್ಪಿಗೆಯ ಬಟನ್ ದೊಡ್ಡದು, ಬಣ್ಣದ್ದು. ನಿರಾಕರಣೆ ಬೂದುಬಣ್ಣದಲ್ಲಿ, ಮೂರು ಪುಟ ಒಳಗೆ. 2021ರಲ್ಲಿ ಅಮೆಜಾನ್ ಪ್ರೈಮ್ ಚಂದಾ ರದ್ದು ಮಾಡುವ ದಾರಿಯನ್ನು ಹೀಗೆಯೇ ಚಿತ್ರೀಕರಿಸಿ ದೂರು ಕೊಟ್ಟರು. 2022ರ ಜುಲೈನಲ್ಲಿ ಅಮೆಜಾನ್ ಯುರೋಪಿನಲ್ಲಿ ಎರಡೇ ಕ್ಲಿಕ್ಕಿಗೆ ಚಂದಾ ರದ್ದಾಗುವಂತೆ ಮಾಡಲು ಒಪ್ಪಿತು. ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ (ಎಫ್‌ಟಿಸಿ) 2023ರಲ್ಲಿ ಮೊಕದ್ದಮೆ ಹೂಡಿದಾಗ ಒಂದು ರಸವತ್ತಾದ ವಿವರ ಹೊರಬಂತು: ರದ್ದು ಮಾಡುವ ಆ ಸುದೀರ್ಘ ದಾರಿಗೆ ಕಂಪನಿಯೊಳಗಿನ ಹೆಸರು ‘ಇಲಿಯಡ್’ ಎಂದಿತ್ತಂತೆ. ದಾರಿ ಹೋಮರನ ಮಹಾಕಾವ್ಯದಷ್ಟು ಉದ್ದ ಎಂಬುದು ಅದನ್ನು ವಿನ್ಯಾಸ ಮಾಡಿದವರಿಗೇ ಗೊತ್ತಿತ್ತು ಎಂದಾಯಿತು. 2025ರ ಸೆಪ್ಟೆಂಬರಿನಲ್ಲಿ ಆ ಮೊಕದ್ದಮೆ 250 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸಲು.

ಪರೀಕ್ಷೆ ಒಂದು ಕೈ, ನ್ಯಾಯಾಲಯ ಇನ್ನೊಂದು ಕೈ. ಜರ್ಮನಿಯ ಗ್ರಾಹಕ ಸಂಘಗಳ ಒಕ್ಕೂಟ ಆನ್‌ಲೈನ್ ಲಾಟರಿ ಕಂಪನಿಯೊಂದರ ಮೇಲೆ ಹಾಕಿದ ದಾವೆ ಯುರೋಪಿನ ನ್ಯಾಯಾಲಯದ ತನಕ ಹೋಗಿ, ಮೊದಲೇ ಟಿಕ್ ಮಾಡಿಟ್ಟ ಚೌಕ ಒಪ್ಪಿಗೆಯಲ್ಲ ಎಂಬ ತೀರ್ಪು 2019ರ ಅಕ್ಟೋಬರ್ 1ರಂದು ಬಂತು. ಅದೇ ಒಕ್ಕೂಟ ಮೆಟಾ ವಿರುದ್ಧ ಹೂಡಿದ ಇನ್ನೊಂದು ದಾವೆಯಲ್ಲಿ 2022ರಲ್ಲಿ ಬಂದ ತೀರ್ಪು ಇದಕ್ಕಿಂತ ದೊಡ್ಡದು: ಡೇಟಾ ರಕ್ಷಣೆಯ ಉಲ್ಲಂಘನೆಯ ಬಗ್ಗೆ ಗ್ರಾಹಕ ಸಂಘ ತಾನಾಗಿಯೇ ಕೋರ್ಟಿಗೆ ಹೋಗಬಹುದು, ತೊಂದರೆಗೊಳಗಾದ ವ್ಯಕ್ತಿಯೊಬ್ಬರು ವಕಾಲತ್ತು ಕೊಡಬೇಕಾಗಿಲ್ಲ. ತನಗೆ ಹಾನಿಯಾಗಿದೆ ಎಂದೇ ತಿಳಿಯದವರ ಪರವಾಗಿಯೂ ಹಾಗಾಗಿ ಯಾರಾದರೂ ನಿಲ್ಲಬಹುದು. 2023ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಜರ್ಮನಿಯ ಶೂಫಾ ಎಂಬ ಸಾಲಾರ್ಹತೆ ಅಳೆಯುವ ಸಂಸ್ಥೆಯ ಪ್ರಕರಣದಲ್ಲಿ, ಬ್ಯಾಂಕು ಬಹುಮಟ್ಟಿಗೆ ಅಂಕವನ್ನೇ ನೆಚ್ಚಿ ಸಾಲ ನಿರಾಕರಿಸಿದರೆ ಅಂಕ ಕೊಟ್ಟದ್ದೇ ಒಂದು ಸ್ವಯಂಚಾಲಿತ ನಿರ್ಧಾರ ಎಂದಿತು. ‘ನಾವು ಅಂಕ ಮಾತ್ರ ಕೊಡುತ್ತೇವೆ, ನಿರ್ಧಾರ ಬ್ಯಾಂಕಿನದು’, ‘ನಿರ್ಧಾರ ನಮ್ಮದಲ್ಲ, ಅಂಕ ಹಾಗಿದೆ’ ಎಂದು ಒಬ್ಬರ ಮೇಲೊಬ್ಬರು ಹಾಕುವ ಆಟಕ್ಕೆ ಅಲ್ಲೊಂದು ತಡೆ ಬಿತ್ತು.

ಯಾವಾಗಲೂ ಗೆಲುವೇ ಅಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಜನ ಬಹಿರಂಗವಾಗಿ ಹಾಕಿದ್ದನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸದಂತೆ ಮೆಟಾವನ್ನು ತಡೆಯಬೇಕೆಂದು ಜರ್ಮನಿಯ ಒಂದು ರಾಜ್ಯದ ಗ್ರಾಹಕ ಸಂಘ ಹಾಕಿದ ತುರ್ತು ಅರ್ಜಿಯನ್ನು 2025ರ ಮೇನಲ್ಲಿ ಕೊಲೋನ್‌ನ ಮೇಲ್ಮನವಿ ನ್ಯಾಯಾಲಯ ತಿರಸ್ಕರಿಸಿತು.

ಇಷ್ಟು ಹಿನ್ನೆಲೆಯಲ್ಲಿ ಯುರೋಪಿನ ಎಐ ಕಾನೂನನ್ನು ನೋಡಬೇಕು. 2021ರ ಏಪ್ರಿಲ್‌ನಲ್ಲಿ ಮೊದಲ ಕರಡು ಬಂದಾಗ ಗ್ರಾಹಕ ಸಂಘಟನೆಗಳು ಬೆಚ್ಚಿದವು. ಯಂತ್ರ ತಯಾರಿಸುವವರು, ಬಳಸುವ ಸಂಸ್ಥೆಗಳು, ಪ್ರಮಾಣಪತ್ರ ಕೊಡುವವರು ಎಲ್ಲರೂ ಅದರಲ್ಲಿದ್ದರು. ಯಂತ್ರದ ನಿರ್ಧಾರಕ್ಕೆ ಸಿಕ್ಕಿಬೀಳುವ ಮನುಷ್ಯನಿಗೆ ದೂರು ಕೊಡುವ ಹಕ್ಕಿರಲಿಲ್ಲ. ಆ ಹಕ್ಕು ಯಾಕೆ ಬೇಕೆಂಬುದಕ್ಕೆ ಉದಾಹರಣೆ ಕಣ್ಣೆದುರೇ ಇತ್ತು: ಕರಡು ಬರುವ ಮೂರು ತಿಂಗಳ ಹಿಂದಷ್ಟೇ ನೆದರ್‌ಲೆಂಡ್ಸ್‌ನ ಸರ್ಕಾರ ರಾಜೀನಾಮೆ ಕೊಟ್ಟಿತ್ತು. ಮಕ್ಕಳ ಪಾಲನೆಯ ಭತ್ಯೆಯಲ್ಲಿ ವಂಚನೆ ಹುಡುಕುವ ಭರದಲ್ಲಿ ಅಲ್ಲಿನ ತೆರಿಗೆ ಇಲಾಖೆ ಸಾವಿರಾರು ಕುಟುಂಬಗಳ ಮೇಲೆ ಸುಳ್ಳು ಆರೋಪ ಹೊರಿಸಿ ಕೊಟ್ಟ ಹಣವೆಲ್ಲ ವಾಪಸ್ ಕೇಳಿತ್ತು. ಯಾರ ಅರ್ಜಿ ಅನುಮಾನಾಸ್ಪದ ಎಂದು ಗುರುತಿಸುತ್ತಿದ್ದ ಗಣಕ ಮಾದರಿ ಅರ್ಜಿದಾರ ಡಚ್ ಪ್ರಜೆಯೇ ಅಲ್ಲವೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಸಾಲದಲ್ಲಿ ಮುಳುಗಿದ ಆ ಕುಟುಂಬಗಳಿಗೆ ತಮ್ಮ ಕಡತದಲ್ಲಿ ಏನಿದೆ ಎಂದು ತಿಳಿಯಲು ವರ್ಷಗಳು ಹಿಡಿದವು.

ಮೂರು ವರ್ಷ ಹಗ್ಗಜಗ್ಗಾಟ ನಡೆದು 2024ರ ಆಗಸ್ಟ್ 1ರಂದು ಕಾನೂನು ಜಾರಿಗೆ ಬಂತು. ದೂರಿನ ಹಕ್ಕು ಸೇರಿತು, ಹೆಚ್ಚು ಅಪಾಯದ್ದೆಂದು ಗುರುತಿಸಿದ ವ್ಯವಸ್ಥೆಗಳ ನಿರ್ಧಾರಕ್ಕೆ ವಿವರಣೆ ಕೇಳುವ ಹಕ್ಕು ಸೇರಿತು, ಸಾಮೂಹಿಕ ದಾವೆಗೂ ದಾರಿಯಾಯಿತು. ದಂಡ ಮೂರೂವರೆ ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ 7ರವರೆಗೆ. ಕೇಳಿದ್ದೆಲ್ಲ ಸಿಗಲಿಲ್ಲ. ಮುಖ ನೋಡಿ ಮನಸ್ಸು ಅಳೆಯುವ ತಂತ್ರಕ್ಕೆ ಕಚೇರಿ ಮತ್ತು ಶಾಲೆಯಲ್ಲಿ ನಿಷೇಧವಿದೆ. ಅಂಗಡಿಗೆ ಬಂದ ಗ್ರಾಹಕನ ಮುಖ ನೋಡುವುದಕ್ಕೆ ನಿಷೇಧವಿಲ್ಲ. ಜೀವ ವಿಮೆ, ಆರೋಗ್ಯ ವಿಮೆಯ ಅಲ್ಗಾರಿದಂಗಳು ಹೆಚ್ಚು ಅಪಾಯದ ಪಟ್ಟಿಯಲ್ಲಿವೆ. ವಾಹನ ವಿಮೆ ಇಲ್ಲ. ಈ ಪಟ್ಟಿಯ ತರ್ಕ ಓದುತ್ತಾ ಹೋದರೆ ಯಾವ ಉದ್ಯಮದ ಲಾಬಿ ಎಷ್ಟು ಗಟ್ಟಿ ಎಂಬುದರ ನಕ್ಷೆಯೂ ಸಿಗುತ್ತದೆ ಎಂದು ನನಗನ್ನಿಸುತ್ತದೆ.

ಎಐ ಕಾನೂನಿನ ಸದ್ದಿನಲ್ಲಿ ಹೆಚ್ಚು ಸುದ್ದಿಯಾಗದ ಇನ್ನೊಂದು ಜೋಡಿ ನಿರ್ದೇಶನಗಳತ್ತ ನೋಡಿದರೆ ಅಸಲು ಜಗಳ ಕಾಣುತ್ತದೆ. ದೋಷವಿರುವ ವಸ್ತುವಿನಿಂದ ಹಾನಿಯಾದರೆ ತಯಾರಕನೇ ಹೊಣೆ ಎಂಬ ನಿರ್ದೇಶನ ಯುರೋಪಿನಲ್ಲಿ 1985ರಿಂದ ಇದೆ. 2024ರಲ್ಲಿ ಅದನ್ನು ಹೊಸದಾಗಿ ಬರೆದು ಸಾಫ್ಟ್‌ವೇರನ್ನೂ ವಸ್ತು ಎಂದು ಸೇರಿಸಿದರು. ಕಂಪನಿ ಕೋರ್ಟು ಕೇಳಿದ ದಾಖಲೆ ಕೊಡದಿದ್ದರೆ ದೋಷವಿದೆ ಎಂದೇ ಭಾವಿಸಬಹುದು. ತಂತ್ರಜ್ಞಾನ ತೀರಾ ಜಟಿಲವಾಗಿ ಗ್ರಾಹಕನಿಗೆ ಸಾಬೀತು ಮಾಡುವುದು ವಿಪರೀತ ಕಷ್ಟವಾದರೂ ಕೋರ್ಟು ಅವನ ನೆರವಿಗೆ ಬರಬಹುದು. 2026ರ ಡಿಸೆಂಬರ್ 9ರ ನಂತರ ಮಾರುಕಟ್ಟೆಗೆ ಬರುವ ವಸ್ತುಗಳಿಗೆ ಇದು ಅನ್ವಯ. ಆದರೆ ಇದು ಹಿಡಿಯುವುದು ಸಾವು, ಗಾಯ, ಆಸ್ತಿ ಹಾನಿ, ಡೇಟಾ ನಾಶದಂಥವನ್ನು. ತಾರತಮ್ಯದಿಂದ ಸಾಲ ಸಿಗದೇ ಹೋದದ್ದು ಇದರೊಳಗೆ ಬರುವುದಿಲ್ಲ. ಆ ಬಗೆಯ ಹಾನಿಗೆಂದು ಎಐ ಹೊಣೆಗಾರಿಕೆಯ ಪ್ರತ್ಯೇಕ ನಿರ್ದೇಶನವೊಂದನ್ನು 2022ರ ಸೆಪ್ಟೆಂಬರಿನಲ್ಲಿ ಪ್ರಸ್ತಾಪಿಸಿದ್ದರು. 2025ರ ಫೆಬ್ರುವರಿಯಲ್ಲಿ ಯುರೋಪಿಯನ್ ಆಯೋಗ ಅದನ್ನು ಕೈಬಿಡುವುದಾಗಿ ಹೇಳಿತು. ಪ್ಯಾರಿಸ್‌ನ ಎಐ ಶೃಂಗಸಭೆಯಲ್ಲಿ ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ಅತಿ ನಿಯಂತ್ರಣದ ವಿರುದ್ಧ ಗದರಿದ್ದೂ ಅದೇ ವಾರ.

ಉದ್ಯಮದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಯುರೋಪ್ ಕಾನೂನು ಮಾಡುತ್ತದೆ, ಅಮೆರಿಕ ಮತ್ತು ಚೀನಾ ಕಂಪನಿ ಕಟ್ಟುತ್ತವೆ ಎಂಬುದು ಹಳೆಯ ಮೂದಲಿಕೆ. ಇಟಲಿಯ ಮಾಜಿ ಪ್ರಧಾನಿ ಮಾರಿಯೊ ದ್ರಾಗಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ಸ್ಪರ್ಧಾತ್ಮಕತೆಯ ವರದಿ ಅದಕ್ಕೆ ತೂಕ ಕೊಟ್ಟಿತು. ಒಂದರ ಮೇಲೊಂದು ಬಂದ ನಿಯಮಗಳನ್ನು ಓದಿಸಲು ದೊಡ್ಡ ಕಂಪನಿಗೆ ವಕೀಲರ ಪಡೆಯಿದೆ, ನಾಲ್ಕು ಜನರ ಸ್ಟಾರ್ಟಪ್ಪಿಗೆ ಇಲ್ಲ ಎಂಬುದರಲ್ಲಿ ಸುಳ್ಳಿಲ್ಲ. ಗ್ರಾಹಕರ ಹೆಸರಿನಲ್ಲಿ ಬಂದ ನಿಯಮ ಗ್ರಾಹಕರಿಗೇ ಕಿರಿಕಿರಿಯಾದದ್ದೂ ಉಂಟು: ಪ್ರತಿ ಜಾಲತಾಣದ ಬಾಗಿಲಲ್ಲೂ ಅಡ್ಡ ನಿಲ್ಲುವ ಕುಕ್ಕೀ ಫಲಕ ಯಾರನ್ನೂ ರಕ್ಷಿಸಲಿಲ್ಲ, ಜನರಿಗೆ ಕಣ್ಣುಮುಚ್ಚಿ ಒಪ್ಪುವ ಅಭ್ಯಾಸ ಮಾಡಿಸಿತು. ಇದರಿಂದ ಉದ್ಯಮ ಎಳೆಯುವ ತೀರ್ಮಾನ, ನಿಯಮ ಸಡಿಲಿಸಿ ಎಂದು. ನನ್ನ ತೀರ್ಮಾನ ಉಲ್ಟಾ. ಒಪ್ಪಿಗೆ ಕೇಳುವ ನಿಯಮ ಹೊರೆಯನ್ನು ಗ್ರಾಹಕನ ಮೇಲೇ ಬಿಡುತ್ತದೆ. ಅದು ಸಡಿಲ ನಿಯಮ. ‘ಇಂಥದ್ದನ್ನು ಮಾಡಲೇಬಾರದು’ ಎಂದು ಕಂಪನಿಗೆ ಹೇಳುವ ನಿಯಮಕ್ಕೆ ಫಲಕವೇ ಬೇಕಿಲ್ಲ. ಮಕ್ಕಳ ಮಾಹಿತಿ ಬಳಸಿ ಅವರಿಗೆ ಜಾಹೀರಾತು ಗುರಿಯಿಡುವುದನ್ನು ಯುರೋಪಿನ ಡಿಜಿಟಲ್ ಸೇವಾ ಕಾಯ್ದೆ ನೇರವಾಗಿ ನಿಷೇಧಿಸಿದೆ, ಮಗುವಿನ ಒಪ್ಪಿಗೆಗೆ ಕಾದಿಲ್ಲ.

ಸದ್ಯದ ಗಾಳಿ ಮಾತ್ರ ಸಡಿಲಿಕೆಯ ಕಡೆಗೇ. 2025ರ ನವೆಂಬರ್ 19ರಂದು ಆಯೋಗ ‘ಸರಳೀಕರಣ’ದ ಹೆಸರಿನಲ್ಲಿ ಡಿಜಿಟಲ್ ಕಾನೂನುಗಳಿಗೆ ಒಟ್ಟಾಗಿ ತಿದ್ದುಪಡಿ ಸೂಚಿಸಿತು. ಹೆಚ್ಚು ಅಪಾಯದ ಎಐ ವ್ಯವಸ್ಥೆಗಳ ನಿಯಮ 2026ರ ಆಗಸ್ಟಿನಿಂದ ಅನ್ವಯವಾಗಬೇಕಿತ್ತು, ಅದನ್ನು 2027ರ ಕೊನೆಗೂ ಕೆಲವನ್ನು 2028ಕ್ಕೂ ಮುಂದೂಡುವ ಪ್ರಸ್ತಾಪ ಅದರಲ್ಲಿತ್ತು. ಗ್ರಾಹಕ ಒಕ್ಕೂಟ ಬಿಇಯುಸಿ ಇದನ್ನು ಬಲವಾಗಿ ವಿರೋಧಿಸಿತು. ಬಂದ ಕಾನೂನನ್ನು ಉಳಿಸಿಕೊಳ್ಳುವುದೇ ಈಗ ಅದರ ಅರ್ಧ ಕೆಲಸ.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಬಂದು ಆರು ವರ್ಷಕ್ಕೆ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು; ಅದರ ನಿಯಮಗಳು 2025ರ ನವೆಂಬರಿನಲ್ಲಿ. ಒಪ್ಪಿಗೆಯ ನೋಟಿಸನ್ನು ಕನ್ನಡವೂ ಸೇರಿ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ಒಳ್ಳೆಯದೇ. ಆದರೆ ಒಪ್ಪಿಗೆಯ ಕತೆ ಏನೆಂದು ನಾರ್ವೆಯವರು ತೋರಿಸಿದ್ದಾರೆ. 30 ಗಂಟೆಯ ಓದು ಕನ್ನಡದಲ್ಲಿದ್ದರೂ 30 ಗಂಟೆಯದೇ. ಡೇಟಾ ಸೋರಿದರೆ ಕಂಪನಿಗೆ ₹250 ಕೋಟಿವರೆಗೆ ದಂಡವುಂಟು, ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಸೋರಿಕೆಯಿಂದ ಹಾನಿಯಾದವರಿಗೆ ಪರಿಹಾರ ಕೊಡಿಸಬಹುದಾಗಿದ್ದ ಐಟಿ ಕಾಯ್ದೆಯ 43ಎ ಸೆಕ್ಷನ್ನನ್ನು ಈ ಕಾಯ್ದೆಯೇ ತೆಗೆದುಹಾಕುತ್ತದೆ. ಮೇಲಾಗಿ, ಕ್ಷುಲ್ಲಕ ದೂರು ಕೊಟ್ಟ ನಾಗರಿಕನಿಗೂ ₹10,000ದವರೆಗೆ ದಂಡ ಹಾಕಬಹುದು!

ಗ್ರಾಹಕ ಕಾನೂನಿನ ಕಡೆ ನೋಡಿದರೆ ಚಿತ್ರ ಅಷ್ಟು ಮಂಕಲ್ಲ. 2019ರ ಕಾಯ್ದೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವನ್ನು ಹುಟ್ಟುಹಾಕಿತು. ಅದು 2023ರ ನವೆಂಬರ್ 30ರಂದು 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಸಿ ನಿಷೇಧಿಸಿತು: ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆಯೇ ಬುಟ್ಟಿಗೆ ತುರುಕುವ ದಾನ ಮತ್ತು ವಿಮೆ, ಕೊನೆಯ ಪುಟದಲ್ಲಿ ಏರುವ ಬೆಲೆ, ಬಿಡಿಸಿಕೊಳ್ಳಲಾಗದ ಚಂದಾ. ಒಂದೇ ಪ್ರಯಾಣಕ್ಕೆ ಐಫೋನಿನಲ್ಲೊಂದು, ಆಂಡ್ರಾಯ್ಡ್‌ನಲ್ಲೊಂದು ದರ ಎಂಬ ದೂರುಗಳ ಮೇಲೆ 2025ರ ಜನವರಿಯಲ್ಲಿ ಓಲಾ, ಊಬರ್‌ಗಳಿಗೆ ನೋಟಿಸ್ ಹೋಯಿತು. ಕಂಪನಿಗಳು ಆರೋಪ ಅಲ್ಲಗಳೆದವು. ಗಾಡಿ ಬೇಗ ಬರಬೇಕಾದರೆ ಮುಂಗಡ ಟಿಪ್ಸ್ ಕೊಡಿ ಎನ್ನುವ ಊಬರ್‌ನ ಪದ್ಧತಿಯನ್ನು ಅದೇ ವರ್ಷದ ಮೇನಲ್ಲಿ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಬಹಿರಂಗವಾಗಿಯೇ ಖಂಡಿಸಿದರು. ಮರುತಿಂಗಳು ಪ್ರಾಧಿಕಾರ ಎಲ್ಲ ಇ-ಕಾಮರ್ಸ್ ಕಂಪನಿಗಳಿಗೂ ಮೂರು ತಿಂಗಳೊಳಗೆ ತಮ್ಮನ್ನು ತಾವೇ ಪರಿಶೋಧಿಸಿಕೊಳ್ಳಲು ಹೇಳಿತು. ನವೆಂಬರ್ ಹೊತ್ತಿಗೆ 26 ಕಂಪನಿಗಳು ತಮ್ಮಲ್ಲಿ ಡಾರ್ಕ್ ಪ್ಯಾಟರ್ನ್ ಇಲ್ಲವೆಂದು ಘೋಷಿಸಿಕೊಂಡವು. ಪರೀಕ್ಷೆ ಬರೆದವರ ಕೈಗೇ ಮೌಲ್ಯಮಾಪನವನ್ನೂ ಕೊಟ್ಟ ಹಾಗಾಯಿತು.

ಹೊರಗಿನಿಂದ ಪರೀಕ್ಷಿಸುವವರು ನಮ್ಮಲ್ಲಿ ಇಲ್ಲವೆಂದಲ್ಲ. ಅಹಮದಾಬಾದಿನ ಗ್ರಾಹಕ ಸಂಸ್ಥೆ ಸಿಇಆರ್‌ಸಿ ದಶಕಗಳಿಂದ ವಸ್ತುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆ, ಜೈಪುರದ ಕಟ್ಸ್ ಸಂಸ್ಥೆ ನೀತಿಯ ಮಟ್ಟದಲ್ಲಿ ಕೆಲಸ ಮಾಡಿದೆ, ನಮ್ಮ ಮೈಸೂರು ಗ್ರಾಹಕರ ಪರಿಷತ್ತಿನಂಥವು ನಗರಪಾಲಿಕೆಯನ್ನೂ ಬಿಡದೆ ಕೆಣಕಿವೆ. ಆದರೆ ಹಾಲು, ಹೆಲ್ಮೆಟ್ಟು, ಗ್ಯಾಸ್ ಸಿಲಿಂಡರ್ ಪರೀಕ್ಷಿಸಿದ ಹಾಗೆ ಸಾಲ ಕೊಡುವ ಅಲ್ಗಾರಿದಮ್ಮನ್ನು ಪರೀಕ್ಷಿಸಲು ಬೇಕಾದ ಎಂಜಿನಿಯರ್, ದುಡ್ಡು, ಒಳಗಿನ ದತ್ತಾಂಶ ಕೇಳುವ ಕಾನೂನಿನ ಬಲ ಈ ಸಂಘಗಳ ಬಳಿ ಇಲ್ಲ. ಎಂಜಿನಿಯರುಗಳ ಕೊರತೆ ಬೆಂಗಳೂರಿನಲ್ಲಿ ಇರಲಾರದು. ಅವರು ಮೇಜಿನ ಆಚೆ ಬದಿಯಲ್ಲಿದ್ದಾರೆ ಅಷ್ಟೆ.

ಕೃತಕ ಬುದ್ಧಿಮತ್ತೆಗೆ ಹೊಸ ಕಾನೂನು ಬೇಡ, ಇರುವ ಕಾನೂನುಗಳು ಬಹುಮಟ್ಟಿಗೆ ಸಾಕು ಎಂಬುದು 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಎಐ ಆಡಳಿತ ಮಾರ್ಗಸೂಚಿಯ ನಿಲುವು. ಈ ನಿಲುವನ್ನು ಒಮ್ಮೆ ಒಪ್ಪಿಕೊಂಡೇ ನೋಡೋಣ. ಇರುವ ಕಾನೂನಿನ ಪ್ರಕಾರ ಗ್ರಾಹಕ ಯಾರು? ಪ್ರತಿಫಲ ಕೊಟ್ಟು, ಅಥವಾ ಕೊಡುವೆನೆಂದು ಒಪ್ಪಿ, ವಸ್ತು ಇಲ್ಲವೆ ಸೇವೆ ಪಡೆದವನು. ದುಡ್ಡಿನ ಬದಲು ತನ್ನ ಮಾಹಿತಿ ಕೊಟ್ಟು ‘ಉಚಿತ’ ಆ್ಯಪ್ ಬಳಸುವವನು ಇದರೊಳಗೆ ಬರುತ್ತಾನೋ ಇಲ್ಲವೋ ಕಾಯ್ದೆ ಬಿಡಿಸಿ ಹೇಳಿಲ್ಲ. ಯುರೋಪ್ ತನ್ನ 2019ರ ನಿರ್ದೇಶನದಲ್ಲೇ ಬರುತ್ತಾನೆ ಎಂದು ಬರೆದಿಟ್ಟಿದೆ. ರೇಷನ್ ಕಾರ್ಡಿನವರ ಪಾಡು ಇನ್ನೂ ಆಚೆಯದು. ತೆಲಂಗಾಣದಲ್ಲಿ ಕುಟುಂಬಗಳ ದಾಖಲೆಗಳನ್ನು ಹೊಂದಿಸಿ ನೋಡುವ ‘ಸಮಗ್ರ ವೇದಿಕ’ ಎಂಬ ಗಣಕ ವ್ಯವಸ್ಥೆಯನ್ನು ಅರ್ಹತೆ ನಿರ್ಧರಿಸಲು ಬಳಸಿದರು. ರಿಕ್ಷಾ ತುಳಿಯುವವರ ಮನೆಗೆ ಕಾರಿದೆ ಎಂದು ಅದು ತೋರಿಸಿದ್ದು ಪತ್ರಿಕೆಗಳಲ್ಲಿ ಬಂತು. ಅಲ್ಲಿ ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಕ್ಕಿ ಸಿಗದವರು ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವ ಹಾಗಿರಲಿಲ್ಲ, ಅವರೇನೂ ಕೊಂಡವರಲ್ಲವಲ್ಲ.

ಇನ್ನು ವಸ್ತುವಿನ ಹೊಣೆಗಾರಿಕೆ. 2019ರ ಕಾಯ್ದೆಯಲ್ಲಿ ಇದಕ್ಕೊಂದು ಅಧ್ಯಾಯವೇ ಇದೆ, ತಯಾರಕ, ಮಾರಾಟಗಾರ, ಸೇವೆ ಕೊಟ್ಟವನು ಮೂವರನ್ನೂ ಅದು ಹಿಡಿಯುತ್ತದೆ. ಮಾನ್ಯತೆ ಪಡೆದ ಗ್ರಾಹಕ ಸಂಘ ದೂರು ಕೊಡಬಹುದು, ಒಂದೇ ಹಿತಾಸಕ್ತಿಯ ಹಲವರ ಪರವಾಗಿ ಒಬ್ಬರು ದಾವೆ ಹೂಡಬಹುದು, ದೂರುದಾರ ತಾನಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ ಕೊಪ್ಪಳದವರು ಕೊಪ್ಪಳದಲ್ಲೇ ಕೇಳಬಹುದೆಂದರೆ ಅದು ದೊಡ್ಡ ಸಂಗತಿಯೇ. ಅಡಚಣೆ ಇರುವುದು 2ನೇ ಸೆಕ್ಷನ್ನಿನ ವ್ಯಾಖ್ಯೆಯಲ್ಲಿ. ಅಲ್ಲಿ ‘ಉತ್ಪನ್ನ’ ಎಂದರೆ ಘನ, ದ್ರವ ಅಥವಾ ಅನಿಲ ರೂಪದಲ್ಲಿ ಇರಬಹುದಾದ, ಒಪ್ಪಿಸಲು ಬರುವ ವಸ್ತು. ತಪ್ಪು ಔಷಧ ಸೂಚಿಸಿದ ಆ್ಯಪ್ ಈ ಮೂರರಲ್ಲಿ ಯಾವುದು ಎಂದು ಪ್ರತಿವಾದಿ ವಕೀಲರು ಕೇಳಿದರೆ, ದೂರುದಾರರು ಹಾನಿಯ ಮಾತಿಗೆ ಬರುವ ಮುಂಚೆ ಭೌತಶಾಸ್ತ್ರಕ್ಕೆ ಉತ್ತರ ಕೊಡಬೇಕಾಗುತ್ತದೆ. ಸೇವೆಯ ನ್ಯೂನತೆ ಎಂದು ವಾದಿಸುವ ದಾರಿ ತೆರೆದಿದೆ, ಆದರೆ ಅಲ್ಲಿ ಎಡವಿದ್ದು ಎಲ್ಲಿ ಎಂದು ತೋರಿಸುವ ಹೊರೆ ಮತ್ತೆ ದೂರುದಾರರದೇ. ಆ ವ್ಯಾಖ್ಯೆಗೆ ಸಾಫ್ಟ್‌ವೇರನ್ನು ಸೇರಿಸಲು ಹಾಗೂ ದಾಖಲೆ ಮುಚ್ಚಿಟ್ಟ ಕಂಪನಿಯ ವಿರುದ್ಧವೇ ಊಹೆ ಎಂದು ಒಂದು ಉಪವಿಧಿ ಬರೆಯಲು ಹೊಸ ಎಐ ಕಾಯ್ದೆಯೇನೂ ಬೇಡ. ಸಂಸತ್ತಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಸೂದೆ ಸಾಕು.